ಚೂರುಪಾರು ಮರದ ಮೇಲೆ ಡಿಕೂಪಾಜ್: ಸುಕ್ಕು, ಗುಳ್ಳೆ, ಜಿಗುಟು. ಎಲ್ಲಿ ಎಡವಟ್ಟಾಗುತ್ತಿದೆ?

ಮರದ ಮೂಟೆ:
ಎಲ್ಲರಿಗೂ ನಮಸ್ಕಾರ. ಕಪಾಟಿನ ಕೆಲಸ ಮುಗಿದ ಮೇಲೆ ಉಳಿದ ಮರದ ತುಂಡುಗಳೇ ಒಂದು ಮೂಟೆ ಆಗಿವೆ. ಗಟ್ಟಿಮರ ಇದೆ, ಪ್ಲೈವುಡ್ ಇದೆ, ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಪಟ್ಟಿಗಳಿವೆ, ಸಾಮಾನು ಹೊತ್ತು ಬಂದ ಪ್ಯಾಲೆಟ್‌ನ ಹಲಗೆಗಳೂ ಇವೆ. ಎಸೆಯಲು ಮನಸ್ಸು ಬರುತ್ತಿಲ್ಲ. ಗೋಡೆಗೆ ಹಾಕುವ ಫಲಕ, ಕೀ ನೇತುಹಾಕುವ ಹಲಗೆ, ಟ್ರೇ, ಸಾಧ್ಯವಾದರೆ ಒಂದು ಗಡಿಯಾರವನ್ನೂ ಮಾಡೋಣ ಅಂತ ಇದ್ದೇನೆ. ಮೇಲೆ ಕಾಗದದ ಚಿತ್ರ ಅಂಟಿಸಿ ವಾರ್ನಿಷ್ ಕೊಡುವ ಡಿಕೂಪಾಜ್ ಕೆಲಸ.

ವಿಡಿಯೊಗಳಲ್ಲಿ ಎಲ್ಲ ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿದಿರುತ್ತದೆ. ಇಲ್ಲಿ ಹಾಗಾಗುತ್ತಿಲ್ಲ. ಹೂವಿನ ಚಿತ್ರದ ಟಿಶ್ಯೂ ನ್ಯಾಪ್‌ಕಿನ್ ಒಂದನ್ನು ಪರೀಕ್ಷೆಗೆ ಅಂತ ಹಲಗೆಗೆ ಅಂಟಿಸಿ ನೋಡಿದೆ. ನಡುವೆ ಸುಕ್ಕು, ಅಂಚಿನಲ್ಲಿ ಗುಳ್ಳೆ. ತಿಳಿ ಗುಲಾಬಿ ಹೂವು ಒಣಗಿದ ಹೂವಿನ ಹಾಗೆ ಕಂದಾಗಿ ಕೂತಿದೆ. ಮೇಲೆ ಅದೇ ಬಿಳಿ ಅಂಟನ್ನು ಬಳಿದಿದ್ದೇನೆ, ಒಣಗಿದೆ ಅನ್ನಿಸಿದರೂ ಕೈ ಇಟ್ಟರೆ ಜಿಗುಟು.

ಮರವನ್ನು ಎಷ್ಟು ಉಜ್ಜಬೇಕು? ಯಾವ ಕಾಗದ ಒಳ್ಳೆಯದು? ಅಂಟೇ ಸಾಕಾ, ವಾರ್ನಿಷ್ ಬೇರೆ ಬೇಕಾ? ಮಾಡಿ ನೋಡಿದವರು ಹೇಳಿ.

ಗರಗಸ:
ನನ್ನ ಉತ್ತರ: ಅಂಟಿಸಲೇಬೇಡಿ. ಗಟ್ಟಿಮರ ಇದೆ ಅಂತೀರಿ, ಅದರ ಮೇಲೆ ಕೈ ಒರೆಸುವ ಟಿಶ್ಯೂ ಅಂಟಿಸುತ್ತೀರಿ. ಮರದ ಗೆರೆ, ಗಂಟು ಇವೇ ಚಿತ್ರ ಅಲ್ವಾ? ಚೆನ್ನಾಗಿ ತೋಪಡ ಹೊಡೆದು, ಅಗಸೆ ಎಣ್ಣೆ ಒರೆಸಿ ಗೋಡೆಗೆ ಹಾಕಿ.

ಕತ್ತರಿ ಕೈ:
ಶುರುವಾಯಿತು ನೋಡಿ! ಗರಗಸ ಅವರೇ, ಎಂಡಿಎಫ್ ಪಟ್ಟಿಯಲ್ಲಿ ಯಾವ ಗೆರೆ ಹುಡುಕುತ್ತೀರಿ? ಮೊಳೆ ಕಿತ್ತ ತೂತು, ಹಳೇ ಬಣ್ಣದ ಕಲೆ, ಗೀರು ಇವೆಲ್ಲ ಇರುವ ತುಂಡುಗಳಿಗೇ ಈ ಕೆಲಸ ಹೇಳಿ ಮಾಡಿಸಿದ್ದು.

ಮೂಟೆ ಅವರೇ, ನಿಮ್ಮ ವಿಷಯಕ್ಕೆ ಬರುತ್ತೇನೆ. ನ್ಯಾಪ್‌ಕಿನ್‌ನಲ್ಲಿ ಸಾಮಾನ್ಯವಾಗಿ 2 ಅಥವಾ 3 ಪದರ ಇರುತ್ತವೆ. ಚಿತ್ರ ಅಚ್ಚಾಗಿರುವುದು ಮೇಲಿನ ಒಂದೇ ಪದರದಲ್ಲಿ. ಹಿಂದಿನ ಬಿಳಿ ಪದರಗಳನ್ನು ಬಿಡಿಸಿ ತೆಗೆಯಲೇಬೇಕು. ತೆಗೆಯದಿದ್ದರೆ ಅಂಟು ಹಿಡಿಯುವುದು ಕೆಳಗಿನ ಪದರಕ್ಕೆ, ಚಿತ್ರ ಮಾತ್ರ ಮೇಲೆ ಸಡಿಲವಾಗಿ ಕೂತಿರುತ್ತದೆ. ನಿಮ್ಮ ಗುಳ್ಳೆಗಳು ಅಲ್ಲಿಂದಲೇ ಬಂದಿರಬೇಕು. ಪದರ ಬಿಡಿಸಲು ಉಗುರಿಗೆ ಸಿಗದಿದ್ದರೆ ಮೂಲೆಯ ಎರಡೂ ಬದಿಗೆ ಟೇಪ್ ಚೂರು ಅಂಟಿಸಿ ಮೆಲ್ಲಗೆ ಎಳೆಯಿರಿ, ತಾನಾಗಿ ಬಿಡುತ್ತದೆ.

ಇನ್ನು ಬಣ್ಣ. ಒಂದೇ ಪದರದ ಟಿಶ್ಯೂ ಅಂಟು ಕುಡಿದ ತಕ್ಷಣ ಪಾರದರ್ಶಕ ಆಗುತ್ತದೆ. ಕಂದು ಮರದ ಮೇಲೆ ಹಾಕಿದರೆ ಕಂದೇ ಕಾಣುತ್ತದೆ. ಮೊದಲು ಬಿಳಿ ಅಥವಾ ತಿಳಿ ಕೆನೆ ಬಣ್ಣದ ಅಕ್ರಿಲಿಕ್ ಪೇಂಟ್ 2 ಸಲ ಬಳಿದು, ಒಣಗಿಸಿ, ಆಮೇಲೆ ಅಂಟಿಸಿ. ಅದೇ ಹೂವು ಬೇರೆಯೇ ಕಾಣುತ್ತದೆ.

ಮರದ ಮೂಟೆ:
ಅಯ್ಯೋ, ಪದರ ಬಿಡಿಸಬೇಕು ಅಂತ ಆ ವಿಡಿಯೊದವರು ಹೇಳಲೇ ಇಲ್ಲ! ಧನ್ಯವಾದ. ಹಾಗಾದರೆ ಸುಕ್ಕು ಕೂಡ ಅದರಿಂದಲೇನಾ?

ಅಂಟುಪುರಾಣ:
ಸುಕ್ಕಿಗೆ ಕಾರಣ ಬೇರೆ. ಕಾಗದ ನೀರು ಕುಡಿದರೆ ಹಿಗ್ಗುತ್ತದೆ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಒಂದೊಂದು ನಾರೂ ಉಬ್ಬುವುದು ಉದ್ದಕ್ಕಲ್ಲ, ಅಡ್ಡಕ್ಕೆ. ಹಾಗಾಗಿ ಕಾಗದ ಒಂದು ದಿಕ್ಕಿಗೆ ಜಾಸ್ತಿ ಹಿಗ್ಗುತ್ತದೆ. ನೀವು ಒಣ ಕಾಗದವನ್ನು ಒದ್ದೆ ಅಂಟಿನ ಮೇಲೆ ಹಾಕಿದಿರಿ. ಅದು ಅಲ್ಲೇ ಹಿಗ್ಗಲು ಹೊರಟಿತು, ಅಂಟು ಬಿಡಲಿಲ್ಲ, ಎದ್ದು ನಿಂತಿತು. ಅದೇ ಸುಕ್ಕು.

ದಪ್ಪ ಕಾಗದಕ್ಕೆ ಉಪಾಯ ಸುಲಭ. ಮೊದಲೇ ನೀರಿನಲ್ಲಿ ಅದ್ದಿ, ಬಟ್ಟೆಯ ಮೇಲೆ ಇಟ್ಟು ನೀರು ಒತ್ತಿ ತೆಗೆಯಿರಿ. ಹಿಗ್ಗುವಷ್ಟು ಹಿಗ್ಗಿರುತ್ತದೆ. ಆಮೇಲೆ ಅಂಟಿಸಿದರೆ ಒಣಗುವಾಗ ಬಿಗಿಯಾಗುತ್ತಾ ಹೋಗುತ್ತದೆ. ನಡುವಿನಿಂದ ಅಂಚಿನ ಕಡೆಗೆ ಒತ್ತಿಕೊಂಡು ಹೋಗಿ. ಹಳೇ ಪ್ಲಾಸ್ಟಿಕ್ ಕಾರ್ಡ್ ಸಾಕು, ರೋಲರ್ ಇದ್ದರೆ ಇನ್ನೂ ಒಳ್ಳೆಯದು. (ಇಂಕ್‌ಜೆಟ್ ಪ್ರಿಂಟ್‌ಗೆ ಈ ಸ್ನಾನ ಮಾಡಿಸಬೇಡಿ, ಶಾಯಿ ಹೊಳೆಯಾಗಿ ಹರಿಯುತ್ತದೆ.)

ಟಿಶ್ಯೂಗೆ ಮಾತ್ರ ಇಸ್ತ್ರಿ ವಿಧಾನ ಮಾಡಿ ನೋಡಿ. ಹಲಗೆಗೆ ಬಿಳಿ ಅಂಟು, ಅಂದರೆ ಪಿವಿಎ, ತೆಳ್ಳಗೆ ಬಳಿಯಿರಿ. 3 ಪಾಲು ಅಂಟಿಗೆ 1 ಪಾಲು ನೀರು ಸಾಕು. ಪೂರ್ತಿ ಒಣಗಲು ಬಿಡಿ. ಹೌದು, ಒಣಗಲಿ. ಆಮೇಲೆ ಟಿಶ್ಯೂ ಹರಡಿ, ಮೇಲೆ ಕೇಕ್ ಬೇಯಿಸುವಾಗ ಹಾಕುವ ಅಂಟದ ಕಾಗದ ಇಟ್ಟು, ಹಬೆ ಇಲ್ಲದೆ ಮಧ್ಯಮ ಬಿಸಿಯಲ್ಲಿ ಇಸ್ತ್ರಿ ಮಾಡಿ. ಪಿವಿಎ ಬಿಸಿಗೆ ಮತ್ತೆ ಮೆತ್ತಗಾಗುತ್ತದೆ, ಟಿಶ್ಯೂವನ್ನು ಹಿಡಿದುಕೊಳ್ಳುತ್ತದೆ. ನೀರಿನ ಮಾತೇ ಇಲ್ಲ, ಇನ್ನು ಸುಕ್ಕು ಎಲ್ಲಿಂದ ಬರಬೇಕು?

ಸುಮ್ನೆ ಓದುಗ:
ಇಸ್ತ್ರಿ ಪೆಟ್ಟಿಗೆ ಹಾಳಾದರೆ ಮನೆಯಲ್ಲಿ ಬೈಗುಳ ತಿನ್ನುವವರು ಯಾರು?

ಅಂಟುಪುರಾಣ:
ನಡುವೆ ಕಾಗದ ಇಟ್ಟರೆ ಏನೂ ಆಗುವುದಿಲ್ಲ ಸಾರ್. ಇಡದಿದ್ದರೆ ನೀವೇ.

ಬಣ್ಣದ ಡಬ್ಬಿ:
ಜಿಗುಟಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಅಂಟುಪುರಾಣ ಅವರು ಹೇಳಿದ ಮಾತಿನಲ್ಲೇ ಅದು ಇದೆ. ಬಿಸಿಗೆ ಮೆತ್ತಗಾಗುವ ಅಂಟು ಇಸ್ತ್ರಿಗೆ ಮಾತ್ರ ಮೆತ್ತಗಾಗಿ ಸುಮ್ಮನಿರುತ್ತದಾ? ಬಿಸಿ ಲೋಟಕ್ಕೂ ಆಗುತ್ತದೆ, ಸೆಕೆಗೂ ಆಗುತ್ತದೆ. ನೀರು ಬಿದ್ದರೆ ಬೆಳ್ಳಗಾಗಿ ಜಾರುತ್ತದೆ. ಹಾಗಾಗಿ ಸಾದಾ ಪಿವಿಎ ಅಂಟಿಸುವುದಕ್ಕೆ ಸರಿ, ಮೇಲ್ಪದರಕ್ಕೆ ಅಲ್ಲ. ಮೇಲೆ ವಾರ್ನಿಷ್ ಬೇಕೇ ಬೇಕು.

ನೀರಿನ ಅಕ್ರಿಲಿಕ್ ವಾರ್ನಿಷ್ ಹಳದಿಯಾಗುವುದು ತೀರಾ ಕಡಿಮೆ. ಎಣ್ಣೆಯ ಪಾಲಿಯುರೆಥೇನ್ ವಾರ್ನಿಷ್ ಗಟ್ಟಿಮುಟ್ಟು, ಆದರೆ ಕಾಲ ಕಳೆದಂತೆ ಹಳದಿ ಛಾಯೆ ಬರುತ್ತದೆ. ಹಳೇ ನಕ್ಷೆ, ಹಳೇ ಪತ್ರದ ಥರದ ಚಿತ್ರಕ್ಕೆ ಆ ಹಳದಿ ಚೆಂದವೇ. ಬಿಳಿ ಹಿನ್ನೆಲೆಯ ಹೂವಿಗೆ ಬೇಡ.

ಕತ್ತರಿ ಕೈ:
ಅಂಟು ಮತ್ತು ಸೀಲರ್ (ಮೇಲೆ ಮುಚ್ಚುವ ಲೇಪ) ಎರಡೂ ಒಂದೇ ಡಬ್ಬಿಯಲ್ಲಿ ಬರುವ ಮಾಡ್ ಪಾಡ್ಜ್ ಥರದ್ದನ್ನೂ ಹೇಳಿ. ಅದು ಮುಟ್ಟಿದರೆ ಒಣಗಿದ ಹಾಗೆ ಬೇಗ ಅನ್ನಿಸುತ್ತದೆ, ಪೂರ್ತಿ ಗಟ್ಟಿಯಾಗಲು ಸುಮಾರು 4 ವಾರ ಬಿಡಿ ಎಂದು ತಯಾರಕರೇ ಹೇಳುತ್ತಾರೆ. ಜನ ಅಷ್ಟು ಕಾಯುವುದಿಲ್ಲ. ಮಾರನೇ ದಿನವೇ ಮೇಲೆ ಹೂದಾನಿ ಇಟ್ಟು, ಆಮೇಲೆ ಎತ್ತಿದರೆ ಚಿತ್ರವೂ ಎದ್ದು ಬಂತು ಅಂತ ದೂರುತ್ತಾರೆ. ದಪ್ಪಗೆ ಒಂದೇ ಸಲ ಬಳಿದರಂತೂ ಒಳಗಿನ ನೀರು ಹೊರಗೆ ಬರಲು ದಾರಿಯೇ ಇರುವುದಿಲ್ಲ. ತೆಳ್ಳಗೆ, ಹಲವು ಸಲ.

ಗರಗಸ:
ಕಾಗದದ ಬಗ್ಗೆ ಇಷ್ಟೆಲ್ಲ ಮಾತಾಡಿದಿರಿ. ಮರದ ಬಗ್ಗೆ ಒಬ್ಬರೂ ಕೇಳಲಿಲ್ಲ. ಬೇಡ ಅಂದರೂ ನಾನೇ ಹೇಳುತ್ತೇನೆ.

ಪ್ಯಾಲೆಟ್ ಹಲಗೆ ಇದೆ ಅಂದಿರಿ. ಅದರ ಮೇಲೆ ಸುಟ್ಟು ಒತ್ತಿದ ಮುದ್ರೆ ಇದೆಯಾ ನೋಡಿ. ಗಡಿ ದಾಟುವ ಮರದ ಪ್ಯಾಕಿಂಗ್‌ಗೆ ಅಂತಾರಾಷ್ಟ್ರೀಯ ನಿಯಮ ಇದೆ: ಗೋಧಿ ತೆನೆಯ ಗುರುತು, ದೇಶದ ಸಂಕೇತ, ಪಕ್ಕದಲ್ಲಿ ಎರಡು ಅಕ್ಷರ. ಎಚ್‌ಟಿ ಅಂತ ಇದ್ದರೆ ಮರದ ತಿರುಳಿನವರೆಗೂ ಕನಿಷ್ಠ 56 ಡಿಗ್ರಿ ಸೆಲ್ಸಿಯಸ್ ಬಿಸಿ ಮುಟ್ಟಿಸಿ 30 ನಿಮಿಷ ಇಟ್ಟಿದ್ದಾರೆ ಅಂತ. ಅದನ್ನು ಬಳಸಿ. ಎಂಬಿ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಕೊಟ್ಟ ಮರ. ಮನೆಯೊಳಗೆ ತರಬೇಡಿ. ಎಚ್‌ಟಿ ಇದ್ದರೂ ಯಾವುದೋ ಎಣ್ಣೆ, ರಾಸಾಯನಿಕ ಚೆಲ್ಲಿದ ಕಲೆ, ವಾಸನೆ ಇದ್ದರೆ ಬಿಟ್ಟುಬಿಡಿ.

ಹಸಿರು ಛಾಯೆಯ ಹಳೇ ಹೊರಾಂಗಣ ಹಲಗೆ ಸಿಕ್ಕರೆ ಅದರಲ್ಲಿ ಆರ್ಸೆನಿಕ್ ಇರುವ ರಕ್ಷಕ ದ್ರಾವಣ ಕುಡಿಸಿರಬಹುದು. ಉಜ್ಜುವುದೂ ಬೇಡ, ಸುಡುವುದೂ ಬೇಡ. ಬಹಳ ಹಳೇ ಕಿಟಕಿ, ಬಾಗಿಲಿನ ಪೇಂಟ್‌ನಲ್ಲಿ ಸೀಸ ಇರಬಹುದು. ಅದನ್ನು ಒಣಗಿದ ಹಾಗೇ ಉಜ್ಜಿ ಧೂಳೆಬ್ಬಿಸಬೇಡಿ, ಮಕ್ಕಳಿರುವ ಮನೆಯಲ್ಲಂತೂ ಬೇಡವೇ ಬೇಡ. ಎಂಡಿಎಫ್ ಧೂಳೂ ಕಡಿಮೆ ಏನಲ್ಲ, ಮಾಸ್ಕ್ ಹಾಕಿಕೊಳ್ಳಿ.

ಮರದ ಮೂಟೆ:
ಗರಗಸ ಸಾರ್, ಈಗ ಹೋಗಿ ನೋಡಿದೆ. ಎರಡು ಹಲಗೆಯಲ್ಲಿ ಎಚ್‌ಟಿ ಇದೆ. ಉಳಿದವಕ್ಕೆ ಮುದ್ರೆಯೇ ಇಲ್ಲ.

ಗರಗಸ:
ಮುದ್ರೆ ಇಲ್ಲದ್ದು ಎಲ್ಲಿಂದ ಬಂತು ಗೊತ್ತಿದ್ದರೆ ಸರಿ, ಗೊತ್ತಿಲ್ಲದಿದ್ದರೆ ಬೇಡ. ಇನ್ನೊಂದು: ಹಲಗೆಯಲ್ಲಿ ಗುಂಡುಸೂಜಿ ಗಾತ್ರದ ತೂತುಗಳಿದ್ದು, ತಟ್ಟಿದರೆ ಸಣ್ಣ ಪುಡಿ ಉದುರಿದರೆ ಒಳಗೆ ಹುಳು ಇದೆ ಅಂತ ಅರ್ಥ. ಕಾಗದ ಅಂಟಿಸಿದರೆ ಅದು ಹೆದರಿ ಓಡುವುದಿಲ್ಲ, ಚಿತ್ರವನ್ನೂ ಕೊರೆದುಕೊಂಡೇ ಹೊರಗೆ ಬರುತ್ತದೆ.

ಹಳೆ ಬಾಗಿಲು:
ಇದನ್ನು ಓದಿ ನಗು ಬಂತು. ನಮ್ಮ ಅತ್ತೆಯವರು ಕೊಟ್ಟ ಒಂದು ಫಲಕದಲ್ಲಿ ನವಿಲಿನ ಕಣ್ಣಿಗೆ ಸರಿಯಾಗಿ ತೂತು ಬಿತ್ತು. ನೋಡಿದವರೆಲ್ಲ ಎಷ್ಟು ಜೀವಂತವಾಗಿದೆ ಅಂತ ಹೊಗಳುತ್ತಾರೆ.

ಬಣ್ಣದ ಡಬ್ಬಿ:
ಗಂಟಿನ ವಿಷಯ ಸೇರಿಸುತ್ತೇನೆ. ಪೈನ್‌ನಂಥ ಮರದ ಗಂಟಿನಲ್ಲಿ ರಾಳ ಇರುತ್ತದೆ. ಕೆಲವು ಗಟ್ಟಿಮರದಲ್ಲಿ ಟ್ಯಾನಿನ್ ಅನ್ನುವ ಒಗರು ವಸ್ತು ಇರುತ್ತದೆ. ನೀರಿನ ಬಿಳಿ ಬಣ್ಣ ಬಳಿದರೆ ಆ ಟ್ಯಾನಿನ್ ಕರಗಿ ಮೇಲೆ ಬಂದು ಹಳದಿ ಕಲೆ ಮೂಡುತ್ತದೆ. ಇನ್ನೊಂದು ಸಲ ಬಳಿಯಿರಿ, ಇನ್ನೊಂದು ಸಲ ಬರುತ್ತದೆ. ಬಿಳಿ ಬಳಿಯುವ ಮೊದಲು ಅರಗಿನ ಪಾಲಿಶ್, ಅದೇ ಶೆಲಾಕ್, ಒಂದು ಸಲ ಕೊಡಿ. ಕಲೆ ಅಲ್ಲೇ ನಿಲ್ಲುತ್ತದೆ. ಪ್ಲೈವುಡ್, ಎಂಡಿಎಫ್ ಅಂಚು ನೀರು ಎಳೆದುಕೊಂಡು ಉಬ್ಬುತ್ತದಲ್ಲ, ಅದಕ್ಕೂ ಇದೇ ಮದ್ದು.

ಉಜ್ಜುವುದು: 80 ನಂಬರ್ ಸ್ಯಾಂಡ್‌ಪೇಪರ್‌ನಲ್ಲಿ ಶುರು ಮಾಡಿ, 120, ಕೊನೆಗೆ 220. ಮೊಳೆ ತೂತಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಮತ್ತೆ 220.

ಕತ್ತರಿ ಕೈ:
220 ಯಾಕೆ? ಕಾಗದ ಮುಚ್ಚುತ್ತದಲ್ಲ, 120 ಸಾಕು. ತೀರಾ ನುಣುಪಾದರೆ ಅಂಟಿಗೆ ಹಿಡಿತ ಸಿಗುವುದಿಲ್ಲ.

ಬಣ್ಣದ ಡಬ್ಬಿ:
ದಪ್ಪ ಕಾಗದಕ್ಕೆ 120 ಸಾಕು, ಒಪ್ಪಿದೆ. ಟಿಶ್ಯೂ ಅಂಟಿಸಿ ಓರೆ ಬೆಳಕಿನಲ್ಲಿ ನೋಡಿ, ಒಂದೊಂದು ಗೀರೂ ಕಾಣುತ್ತದೆ.

ಕತ್ತರಿ ಕೈ:
ಓರೆ ಬೆಳಕು ಹಿಡಿದು ನೋಡಲು ಬರುವ ನೆಂಟರು ನಮ್ಮ ಮನೆಗೆ ಬರುವುದಿಲ್ಲ.

ಸುಮ್ನೆ ಓದುಗ:
ನಮ್ಮ ಮನೆಗೆ ಬರುತ್ತಾರೆ. ಬೇಕಾದರೆ ಕಳಿಸುತ್ತೇನೆ.

ಹಳೆ ಬಾಗಿಲು:
ಒಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ. ಮೂಟೆ ಅವರು ಸಣ್ಣ ಪಟ್ಟಿಗಳನ್ನು ಪಕ್ಕಪಕ್ಕ ಜೋಡಿಸಿ ದೊಡ್ಡ ಫಲಕ ಮಾಡುತ್ತಾರೆ ಅಂದುಕೊಳ್ಳಿ. ಮೇಲೆ ಒಂದೇ ದೊಡ್ಡ ಚಿತ್ರ ಅಂಟಿಸುತ್ತಾರೆ. ಮೊದಮೊದಲು ಚೆನ್ನಾಗಿ ಕಾಣುತ್ತದೆ. ಮರ ಮಾತ್ರ ಸುಮ್ಮನೆ ಕೂರುವುದಿಲ್ಲ. ಗಾಳಿಯಲ್ಲಿ ತೇವ ಇದ್ದಾಗ ಅಡ್ಡಕ್ಕೆ ಹಿಗ್ಗುತ್ತದೆ, ಒಣಹವೆಗೆ ಕುಗ್ಗುತ್ತದೆ. ಉದ್ದಕ್ಕೆ ಅಷ್ಟೇನೂ ಆಗುವುದಿಲ್ಲ. ಎರಡು ಪಟ್ಟಿಗಳ ನಡುವಿನ ಸಂದು ಕೂದಲೆಳೆಯಷ್ಟು ಬಾಯಿ ಬಿಟ್ಟರೂ ಸಾಕು, ಕಾಗದ ಅಲ್ಲೇ ಅಂಕುಡೊಂಕಾಗಿ ಹರಿಯುತ್ತದೆ.

ಅದು ಹರಿಯುವ ಮೊದಲು ನಾವೇ ಸೀಳಿಬಿಡಬೇಕು. ಅಂಟು ಒಣಗಿದ ಮೇಲೆ ಸಂದಿನ ಮೇಲೆ ಬೆರಳಾಡಿಸಿ, ತಗ್ಗು ಕೈಗೆ ಸಿಗುತ್ತದೆ. ಹೊಸ ಬ್ಲೇಡ್ ಇಟ್ಟು ಒಂದೇ ಎಳೆತಕ್ಕೆ ಕೊಯ್ಯಿರಿ. ಮೊಂಡು ಬ್ಲೇಡ್ ಆದರೆ ಕಾಗದ ಗುಡ್ಡೆಯಾಗಿ ಹರಿಯುತ್ತದೆ. ಕೊಯ್ದ ಎರಡೂ ಅಂಚಿಗೆ ತೆಳ್ಳನೆ ಬ್ರಷ್‌ನಿಂದ ಅಂಟು ತಾಗಿಸಿ ಕೆಳಗೆ ಒತ್ತಿ. ಆಮೇಲೆ ವಾರ್ನಿಷ್. ಹಲಗೆಗಳ ಮೇಲೆಯೇ ಚಿತ್ರ ಬರೆದ ಹಾಗೆ ಕಾಣುತ್ತದೆ.

ಫಲಕದ ಹೊರ ಅಂಚಿಗೆ ಬ್ಲೇಡ್ ಬೇಡ, ಕತ್ತರಿಯೂ ಬೇಡ. ಕಾಗದವನ್ನು ಒಂದಿಷ್ಟು ಹೊರಗೆ ಬಿಟ್ಟು ಅಂಟಿಸಿ. ಒಣಗಿದ ಮೇಲೆ ಸ್ಯಾಂಡ್‌ಪೇಪರನ್ನು ಮರದ ತುಂಡಿಗೆ ಸುತ್ತಿ, ಅಂಚಿಗೆ ಓರೆಯಾಗಿ ಹಿಡಿದು ಮೇಲಿನಿಂದ ಕೆಳಗೆ ಮಾತ್ರ ಉಜ್ಜಿ. ಕೆಳಗಿನಿಂದ ಮೇಲಕ್ಕೆ ಎಳೆದರೆ ಕಾಗದ ಎದ್ದು ಬರುತ್ತದೆ. ನಾಲ್ಕೈದು ಎಳೆತಕ್ಕೆ ಅಂಚಿನ ಗೆರೆಯಲ್ಲಿ ಕಾಗದ ಬೆಳ್ಳಗಾಗುತ್ತದೆ, ಇನ್ನೆರಡು ಎಳೆತಕ್ಕೆ ಹೊರಗಿನ ಚೂರು ತಾನಾಗಿ ಉದುರುತ್ತದೆ. ಇಷ್ಟು ನೇರ ಅಂಚು ಯಾವ ಕತ್ತರಿಗೂ ಬರುವುದಿಲ್ಲ.

ಕತ್ತರಿ ಕೈ:
ನನ್ನ ಹೆಸರಿಗೇ ಅವಮಾನ! ಆದರೆ ಹೌದು, ಅಂಚಿಗೆ ಸ್ಯಾಂಡ್‌ಪೇಪರೇ ಸರಿ. ಚಿತ್ರ ಕತ್ತರಿಸುವಾಗ ಮಾತ್ರ ನನ್ನ ಮಾತು ಕೇಳಿ. ಕತ್ತರಿ ಹಿಡಿದ ಕೈ ಅಲ್ಲಾಡಬಾರದು, ಕಾಗದ ಹಿಡಿದ ಕೈ ತಿರುಗಬೇಕು. ಕತ್ತರಿಯನ್ನು ಸ್ವಲ್ಪ ಓರೆ ಹಿಡಿದರೆ ಕಾಗದದ ಅಂಚು ಕೆಳಗಡೆಗೆ ಇಳಿಜಾರಾಗಿ ಕತ್ತರಿಸುತ್ತದೆ, ಬಿಳಿ ಅಂಚು ಮೇಲೆ ಕಾಣುವುದಿಲ್ಲ. ಒಳಗಿನ ಸಣ್ಣ ಸಂದುಗಳನ್ನು ಮೊದಲು ಕತ್ತರಿಸಿ, ಹೊರಗಿನ ಅಂಚು ಕೊನೆಗೆ. ತಿರುಗಾಮುರುಗಾ ಮಾಡಿದರೆ ಹಿಡಿಯಲು ಜಾಗವೇ ಉಳಿಯುವುದಿಲ್ಲ.

ಬೇವು:
ನಡುವೆ ಬಂದೆ, ಕ್ಷಮಿಸಿ. ಮನೆಯ ಪ್ರಿಂಟರ್‌ನಲ್ಲಿ ಫೋಟೊ ಅಚ್ಚು ಮಾಡಿ ಅಂಟಿಸಬಹುದಾ? ಹಳೇ ಪತ್ರಿಕೆಯ ಹಾಳೆ ಅಂಟಿಸಿದರೆ ಹೇಗೆ?

ಅಂಟುಪುರಾಣ:
ಇಂಕ್‌ಜೆಟ್ ಆದರೆ ಅಚ್ಚಾದ ಹಾಳೆಗೆ ಮೊದಲು ಪಾರದರ್ಶಕ ಅಕ್ರಿಲಿಕ್ ಸ್ಪ್ರೇ ಎರಡೂ ಬದಿಗೆ ಹೊಡೆದು ಒಣಗಿಸಿ. ಇಲ್ಲದಿದ್ದರೆ ಶಾಯಿ ಹರಡುತ್ತದೆ. ಲೇಸರ್ ಪ್ರಿಂಟ್ ಅಥವಾ ಜೆರಾಕ್ಸ್‌ಗೆ ಆ ಚಿಂತೆ ಇಲ್ಲ. ಅದು ಶಾಯಿಯಲ್ಲ, ಬಿಸಿಗೆ ಕರಗಿ ಕಾಗದಕ್ಕೆ ಅಂಟಿದ ಪ್ಲಾಸ್ಟಿಕ್ ಪುಡಿ.

ಪತ್ರಿಕೆ ಹಾಳೆ ನೇರವಾಗಿ ಬೇಡ. ಅಂಟು ಕುಡಿದರೆ ಹಿಂದಿನ ಪುಟದ ಅಕ್ಷರ ಮುಂದೆ ಕಾಣುತ್ತದೆ. ಅದರಲ್ಲಿ ಲಿಗ್ನಿನ್ ಅನ್ನುವ ಮರದ ಅಂಶ ಜಾಸ್ತಿ, ಬೆಳಕಿಗೆ ಬೇಗ ಹಳದಿಯಾಗಿ ಪುಡಿಯಾಗುತ್ತದೆ. ಒಳ್ಳೆ ಕಾಗದಕ್ಕೆ ಜೆರಾಕ್ಸ್ ಮಾಡಿಸಿ ಅದನ್ನು ಅಂಟಿಸಿ. ಅಸಲಿ ಹಾಳೆ ಪೆಟ್ಟಿಗೆಯಲ್ಲಿ ಭದ್ರವಾಗಿರಲಿ.

ಹಳೆ ಬಾಗಿಲು:
ಲೇಸರ್ ಅಂದ ಮೇಲೆ ಗರಗಸ ಅವರಿಗೂ ಒಪ್ಪಬಹುದಾದ ಒಂದು ರಾಜಿ ಸೂತ್ರ ನನಗೆ ನೆನಪಾಯಿತು. ಕಾಗದವನ್ನು ಮರದ ಮೇಲೆ ಬಿಡದೆ, ಚಿತ್ರವನ್ನು ಮಾತ್ರ ಇಳಿಸಬಹುದು. ಲೇಸರ್ ಪ್ರಿಂಟನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಮಾಡಿಸಿ. ಮರಕ್ಕೆ ಅಕ್ರಿಲಿಕ್ ಜೆಲ್ ಮೀಡಿಯಂ ಅನ್ನುವ ದಪ್ಪನೆ ಪಾರದರ್ಶಕ ಲೇಪ ಬಳಿದು, ಚಿತ್ರದ ಮುಖ ಕೆಳಗೆ ಮಾಡಿ ಒತ್ತಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಹಿಂಬದಿಗೆ ನೀರು ಚಿಮುಕಿಸಿ ಬೆರಳಿನಿಂದ ಸುತ್ತಿಸುತ್ತಾ ಉಜ್ಜಿದರೆ ಕಾಗದದ ನಾರು ಸಣ್ಣ ಸಣ್ಣ ಉಂಡೆಯಾಗಿ ಎದ್ದು ಬರುತ್ತದೆ. ಟೋನರ್, ಅಂದರೆ ಆ ಪ್ಲಾಸ್ಟಿಕ್ ಪುಡಿ, ಮಾತ್ರ ಮರದಲ್ಲಿ ಉಳಿಯುತ್ತದೆ. ಚಿತ್ರದಲ್ಲಿ ಎಲ್ಲಿ ಬಿಳಿ ಇತ್ತೋ ಅಲ್ಲಿ ಮರದ ಗೆರೆ ಕಾಣುತ್ತದೆ. ತಿಳಿ ಬಣ್ಣದ ಮರವೇ ಆಗಬೇಕು, ಕಪ್ಪು ಮರದಲ್ಲಿ ಏನೂ ಕಾಣುವುದಿಲ್ಲ.

ಗರಗಸ:
ಇದು ಪರವಾಗಿಲ್ಲ.

ಸುಮ್ನೆ ಓದುಗ:
ಗರಗಸ ಅವರ ಬಾಯಲ್ಲಿ ಪರವಾಗಿಲ್ಲ! ಇದನ್ನು ಅಚ್ಚು ಹಾಕಿಸಿ ಯಾರಾದರೂ ಮರಕ್ಕೆ ಅಂಟಿಸಿ.

ಬಣ್ಣದ ಡಬ್ಬಿ:
ಅವರ ಎಣ್ಣೆ ಸಲಹೆಗೆ ಒಂದು ಎಚ್ಚರಿಕೆ. ಎಣ್ಣೆ ಹಚ್ಚಿದ ಮರಕ್ಕೆ ನೀರಿನ ಅಂಟು ಹಿಡಿಯುವುದಿಲ್ಲ. ಎರಡೂ ಬೇಕಾದರೆ ಅಂಟಿಸುವ ಮುಖಕ್ಕೆ ಎಣ್ಣೆ ತಾಗಿಸಬೇಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಬಿಸಿ ಸಿಕ್ಕಿಕೊಂಡು ತಾನಾಗಿ ಹೊತ್ತಿಕೊಂಡ ಉದಾಹರಣೆಗಳಿವೆ. ಹೊರಗೆ ಅಗಲವಾಗಿ ಹರವಿ ಒಣಗಿಸಿ, ಆಮೇಲೆ ಎಸೆಯಿರಿ.

ಗರಗಸ:
ಸರಿಯಾದ ಮಾತು. ಬೆಂಕಿ ವಿಷಯ ಬಂತು ಅಂತ ಹೇಳುತ್ತೇನೆ: ಡಿಕೂಪಾಜ್ ಮಾಡಿದ ಮೋಂಬತ್ತಿ ಸ್ಟ್ಯಾಂಡ್ ಅಂತ ಮಾಡುತ್ತಾರಲ್ಲ, ಅವರಿಗೆ ತಲೆ ನೆಟ್ಟಗಿದೆಯಾ? ಮರ, ಕಾಗದ, ಅಂಟು, ವಾರ್ನಿಷ್, ನಾಲ್ಕೂ ಉರಿಯುವ ವಸ್ತು.

ಬೇವು:
ನಾನು ಮಾಡಿದ್ದೇನೆ, ತಲೆ ನೆಟ್ಟಗೇ ಇದೆ :) ಬತ್ತಿಯ ಜಾಗದಲ್ಲಿ ಬ್ಯಾಟರಿ ದೀಪ ಇಟ್ಟಿದ್ದೇನೆ.

ಗರಗಸ:
ಹಾಗಾದರೆ ಮಾತು ವಾಪಸ್ ತಗೊಂಡೆ, ತಂಗೀ.

ಚಿತ್ತಾರ:
ಕಾಗದ ಅಂಟಿಸುವುದು ಅಗ್ಗದ ಕೆಲಸ ಅನ್ನುವ ಧಾಟಿ ಮೇಲೆ ಕಂಡಿತು. ಹೌದು, ಅಗ್ಗ ಅಂತಲೇ ಇದು ಬೆಳೆದದ್ದು. 18ನೇ ಶತಮಾನದಲ್ಲಿ ಯುರೋಪಿನ ಸಿರಿವಂತರಿಗೆ ಪೂರ್ವ ಏಷ್ಯಾದ ಲ್ಯಾಕರ್ (ಮರದ ಮೇಲೆ ಹೊಳೆಯುವ ಗಟ್ಟಿ ಮೆರುಗು) ಪೀಠೋಪಕರಣಗಳ ಹುಚ್ಚು ಹಿಡಿದಿತ್ತು. ಬೆಲೆ ಮುಗಿಲಿನಲ್ಲಿ. ವೆನಿಸ್‌ನ ಕುಶಲಕರ್ಮಿಗಳು ಅಚ್ಚು ಹಾಕಿದ ಚಿತ್ರಗಳನ್ನು ಕತ್ತರಿಸಿ, ಬಣ್ಣ ತುಂಬಿ, ಮರದ ಪೆಟ್ಟಿಗೆ, ಬೀರುಗಳಿಗೆ ಅಂಟಿಸಿ, ಮೇಲೆ ವಾರ್ನಿಷ್ ಮೇಲೆ ವಾರ್ನಿಷ್ ಕೊಟ್ಟರು. ದೂರದಿಂದ ನೋಡಿದವರಿಗೆ ಲ್ಯಾಕರ್ ಕೆಲಸವೇ. ಹತ್ತಿರದ ಬಸ್ಸಾನೊ ಊರಿನ ರೆಮೊಂದಿನಿ ಮುದ್ರಣಾಲಯ ಕತ್ತರಿಸಿ ಅಂಟಿಸಲೆಂದೇ ಚಿತ್ರದ ಹಾಳೆಗಳನ್ನು ಅಚ್ಚು ಹಾಕುತ್ತಿತ್ತು. ಆ ಬೀರುಗಳು ಈಗ ಮ್ಯೂಸಿಯಂಗಳಲ್ಲಿವೆ.

ಇಂಗ್ಲೆಂಡಿನ ಮೇರಿ ಡೆಲಾನಿ (1700–1788) ಅವರಂತೂ 70 ದಾಟಿದ ಮೇಲೆ ಕತ್ತರಿ ಹಿಡಿದು, ಸಾವಿರದ ಹತ್ತಿರ ಸಸ್ಯಚಿತ್ರಗಳನ್ನು ಕಾಗದದಲ್ಲೇ ಮಾಡಿದರು. ಅವು ಬ್ರಿಟಿಷ್ ಮ್ಯೂಸಿಯಂನಲ್ಲಿವೆ.

ಅಂಟುಪುರಾಣ:
ಡೆಲಾನಿ ಮಾಡಿದ್ದನ್ನು ಡಿಕೂಪಾಜ್ ಅನ್ನಲು ನನಗೆ ಮನಸ್ಸಿಲ್ಲ. ಅವರು ಅಚ್ಚು ಚಿತ್ರ ಕತ್ತರಿಸಲಿಲ್ಲ. ಬಣ್ಣದ ಕಾಗದದ ಚೂರುಗಳನ್ನು ಕಪ್ಪು ಹಿನ್ನೆಲೆಯ ಕಾಗದದ ಮೇಲೆ ಜೋಡಿಸಿದರು, ಒಂದೊಂದು ದಳ, ಒಂದೊಂದು ಎಲೆ. ಮರವೂ ಇಲ್ಲ, ವಾರ್ನಿಷ್ ಪದರಗಳೂ ಇಲ್ಲ.

ಚಿತ್ತಾರ:
ಕತ್ತರಿ, ಕಾಗದ, ಅಂಟು ಮೂರೂ ಇವೆ. ಇನ್ನೇನು ಬೇಕು?

ಅಂಟುಪುರಾಣ:
ಮೇಲೆ ಕೈಯಾಡಿಸಿದರೆ ಕಾಗದ ಎಲ್ಲಿ ಶುರು, ಎಲ್ಲಿ ಕೊನೆ ಗೊತ್ತಾಗಬಾರದು. ಅದಾದರೆ ಡಿಕೂಪಾಜ್. ಹಳೇ ಕ್ರಮದಲ್ಲಿ 30, 40 ಸಲ ವಾರ್ನಿಷ್ ಕೊಟ್ಟು, ನಡುನಡುವೆ ಉಜ್ಜಿ, ಕಾಗದದ ದಪ್ಪವನ್ನೇ ಮುಳುಗಿಸುತ್ತಿದ್ದರು. ಎರಡು ಸಲ ಬಳಿದು ಮುಗಿಸಿದ್ದು ಬರೀ ಅಂಟಿಸಿದ ಚಿತ್ರ.

ಕತ್ತರಿ ಕೈ:
40 ಸಲ! ಅಷ್ಟರಲ್ಲಿ ಮಕ್ಕಳ ಮದುವೆ ಆಗಿರುತ್ತದೆ. ಟಿಶ್ಯೂಗೆ 3ರಿಂದ 5 ಸಲ ಸಾಕು, ಅದರ ದಪ್ಪವೇ ಎಷ್ಟು? ದಪ್ಪ ಕಾಗದಕ್ಕೆ ಹತ್ತರ ಹತ್ತಿರ. ಮೂರ್ನಾಲ್ಕು ಪದರ ಆದ ಮೇಲೆ 400ರ ಸ್ಯಾಂಡ್‌ಪೇಪರ್ ನೀರಿನಲ್ಲಿ ಅದ್ದಿ ಹಗುರಾಗಿ ಆಡಿಸಿ. ಮೊದಲೇ ಉಜ್ಜಲು ಹೋದರೆ ಚಿತ್ರವೇ ಉಜ್ಜಿಹೋಗುತ್ತದೆ.

ಬೇವು:
40 ಸಲದ ಬದಲು ಒಂದೇ ಸಲ ಎಪಾಕ್ಸಿ ರೆಸಿನ್ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವಂಥದ್ದು) ಸುರಿದರೆ? ಗಾಜಿನ ಹಾಗೆ ಹೊಳೆಯುತ್ತದೆ.

ಬಣ್ಣದ ಡಬ್ಬಿ:
ಆಗುತ್ತದೆ, ಆದರೆ ಕಾಗದವನ್ನು ಮೊದಲು ಎರಡು ಮೂರು ಪದರ ಸೀಲ್ ಮಾಡಲೇಬೇಕು. ಸೀಲ್ ಆಗದ ಜಾಗಕ್ಕೆ ರೆಸಿನ್ ಇಳಿದರೆ ಎಣ್ಣೆ ಬಿದ್ದ ಕಾಗದದ ಥರ ಕಪ್ಪು ಮಚ್ಚೆ, ಮತ್ತೆ ತೆಗೆಯಲು ಆಗುವುದಿಲ್ಲ. ಎರಡು ಡಬ್ಬಿಯ ಅಳತೆ ತಯಾರಕರು ಹೇಳಿದಷ್ಟೇ ಇರಬೇಕು. ಗಟ್ಟಿಯಾಗಿಸುವ ದ್ರವ ಸ್ವಲ್ಪ ಜಾಸ್ತಿ ಹಾಕಿದರೆ ಬೇಗ ಒಣಗುತ್ತದೆ ಅನ್ನುವುದು ಸುಳ್ಳು, ಕೊನೆಯವರೆಗೂ ಮೆತ್ತಗೇ ಉಳಿಯಬಹುದು. ಕೈಗವಸು ಬೇಕು, ಕಿಟಕಿ ತೆರೆದಿರಬೇಕು. ಅಂದ ಹಾಗೆ, ಟ್ರೇ ಯಾವುದರಿಂದ ಮುಗಿಸಿದರೂ ಆಹಾರ ನೇರವಾಗಿ ಇಡಬೇಡಿ. ಲೋಟ, ತಟ್ಟೆ ಇಡಲು ಮಾತ್ರ.

ಮರದ ಮೂಟೆ:
ಒಂದು ಹಲಗೆ ಈಗಲೇ ದೋಣಿಯಂತೆ ಬಾಗುತ್ತಿದೆ. ಅಂಟಿಸಿದ ಬದಿ ಒಳಗೆ, ಹಿಂಬದಿ ಹೊರಗೆ. ಇದು ಮರದ ದೋಷವಾ?

ಗರಗಸ:
ಮರದ್ದಲ್ಲ. ಮುಂದೆ ಅಂಟು, ಕಾಗದ ಎಲ್ಲ ಸೇರಿ ಮುಚ್ಚಿದೆ, ಒಣಗುವಾಗ ಎಳೆದೂ ಇದೆ. ಹಿಂದೆ ಬೋಳು. ತೇವ ಒಂದು ಕಡೆಯಿಂದ ಮಾತ್ರ ಹೋಗಿ ಬಂದರೆ ಹಲಗೆ ಬಾಗದೆ ಇನ್ನೇನು ಮಾಡುತ್ತದೆ? ಹಿಂಬದಿಗೂ ಅಷ್ಟೇ ಪದರ ಕೊಡಿ. ತೆಳ್ಳನೆ ಹಲಗೆಯಾದರೆ ಹಿಂದೆ ಸಾದಾ ಕಾಗದ ಅಂಟಿಸಿದರೂ ಸರಿ. ಹಸಿ ಮರದ ಮೇಲೆ ಶುರುವೇ ಮಾಡಬೇಡಿ, ಮನೆಯೊಳಗೆ ಗಾಳಿಯಾಡುವ ಹಾಗೆ ಅಡ್ಡಪಟ್ಟಿ ಕೊಟ್ಟು ಪೇರಿಸಿಟ್ಟು ಕೆಲವು ವಾರ ಬಿಡಿ.

ಚಿತ್ತಾರ:
ಮಾರುವ ಯೋಚನೆ ಇದ್ದರೆ ಒಂದು ಮಾತು: ಇಂಟರ್‌ನೆಟ್‌ನಲ್ಲಿ ಸಿಕ್ಕ ಚಿತ್ರವೆಲ್ಲ ನಿಮ್ಮದಲ್ಲ. ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೇ ಸಸ್ಯಚಿತ್ರ, ನಕ್ಷೆಗಳನ್ನು ಅನೇಕ ಮ್ಯೂಸಿಯಂ, ಗ್ರಂಥಾಲಯಗಳು ಮುಕ್ತವಾಗಿ ಇಟ್ಟಿವೆ. ಅವುಗಳಲ್ಲಿ ಹುಡುಕಿ.

ಮರದ ಮೂಟೆ:
ಸದ್ಯ ಮನೆಗೆ ಮಾತ್ರ. ಕೊನೆಯದಾಗಿ ಗಡಿಯಾರ. ತೂತು ಮೊದಲು ಕೊರೆಯಬೇಕಾ, ಚಿತ್ರ ಅಂಟಿಸಿದ ಮೇಲಾ?

ಗರಗಸ:
ಮೊದಲು. ಆಮೇಲೆ ಕೊರೆದರೆ ಡ್ರಿಲ್ ಕಾಗದವನ್ನು ತಿರುವಿ ಎಳೆಯುತ್ತದೆ. ಬ್ಯಾಟರಿಯಲ್ಲಿ ಓಡುವ ಸಾಮಾನ್ಯ ಕ್ವಾರ್ಟ್ಜ್ ಗಡಿಯಾರ ಯಂತ್ರದ ದಂಡಕ್ಕೆ 8 ಮಿಲಿಮೀಟರ್ ತೂತು ಸಾಕು. ಕಾಗದ ಅಂಟಿಸಿ ಒಣಗಿದ ಮೇಲೆ ತೂತಿನ ಮೇಲೆ ಬ್ಲೇಡ್‌ನಿಂದ ಅಡ್ಡ ಉದ್ದ ಸೀಳಿ, ಚೂರುಗಳನ್ನು ಒಳಗೆ ಮಡಚಿ ಅಂಟಿಸಿ.

ಆದರೆ ಯಂತ್ರ ಕೊಳ್ಳುವ ಮೊದಲು ಹಲಗೆಯ ದಪ್ಪ ಅಳೆಯಿರಿ. ಉಳಿಕೆ ಮರ ಬಹುಪಾಲು ದಪ್ಪಗಿರುತ್ತದೆ, ತಿರುಪಿನ ಗೆರೆ ಇರುವ ದಂಡ ಈಚೆ ಬರುವುದೇ ಇಲ್ಲ, ನಟ್ ಹಾಕಲು ಜಾಗ ಇರುವುದಿಲ್ಲ. ಒಂದೋ ಉದ್ದ ದಂಡದ ಯಂತ್ರ ತನ್ನಿ, ಇಲ್ಲವೇ ಹಿಂದೆ ಉಳಿಯಿಂದ ಗುಂಡಿ ತೋಡಿ. ಯಂತ್ರದ ಪೆಟ್ಟಿಗೆ ಸುಮಾರು 56 ಮಿಲಿಮೀಟರ್ ಚೌಕ, 60 ತೋಡಿದರೆ ಆರಾಮಾಗಿ ಕೂರುತ್ತದೆ, ಬ್ಯಾಟರಿ ಬದಲಿಸಲು ಬೆರಳೂ ಹೋಗುತ್ತದೆ.

ಕತ್ತರಿ ಕೈ:
ಅಂಕಿಗಳನ್ನು ಕಾಗದದಲ್ಲಿ ಕತ್ತರಿಸಿ ಚಿತ್ರದ ಜೊತೆಗೇ ಅಂಟಿಸಿಬಿಡಿ, ಎಲ್ಲಕ್ಕೂ ಒಟ್ಟಿಗೆ ವಾರ್ನಿಷ್ ಬೀಳುತ್ತದೆ. ಉಬ್ಬು ಅಂಕಿ ಹಾಕುವುದಾದರೆ ಮುಳ್ಳಿಗೆ ತಾಗುತ್ತದಾ ನೋಡಿಕೊಳ್ಳಿ.

ಸುಮ್ನೆ ಓದುಗ:
ಸೆಕೆಂಡ್ ಮುಳ್ಳು ಟಿಕ್ ಟಿಕ್ ಅನ್ನದೆ ಜಾರಿಕೊಂಡು ಹೋಗುವ ಯಂತ್ರ ತಗೊಳ್ಳಿ ಅಕ್ಕ. ಖಾಲಿ ಹಲಗೆ ಸದ್ದನ್ನು ಇನ್ನೂ ಜೋರು ಮಾಡುತ್ತದೆ. ಮಲಗುವ ಕೋಣೆಯಲ್ಲಾದರೆ ರಾತ್ರಿ ಎದ್ದು ಬ್ಯಾಟರಿ ಕಿತ್ತು ಇಡುತ್ತೀರಿ.

ಮರದ ಮೂಟೆ:
ಅಕ್ಕ ಅಲ್ಲ, ಅಣ್ಣ. ಯಂತ್ರ ಜಾರುವುದೇ ತರುತ್ತೇನೆ.